ಬಾರದವರ ಪಟ್ಟಿ

ರಾಯಭಾರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಚರ್ಚಿನ ಸೇವಾಕಾರ್ಯದ ಹೊಣೆ ಹೊರುವ ಡೀಕನ್ ಆದವರು, ಅಲ್ಲಿ ದಿನಸಿ ಹಂಚುವ ದಿನ ಎಲ್ಲಿ ನಿಲ್ಲಬೇಕು? ಮೇಜಿನ ಹಿಂದೆ ಅಲ್ಲ, ಬಾಗಿಲ ಹೊರಗೆ, ಸಾಲಿನ ತುದಿಯಲ್ಲಿ. ಚೀಲ ಎತ್ತಿಕೊಡಲು ಜನ ಸಿಗುತ್ತಾರೆ. ದೂರದಿಂದ ಸಾಲು ನೋಡಿ ಹಾಗೇ ತಿರುಗಿ ಹೋಗುವವರನ್ನು ಗಮನಿಸಲು ಮಾತ್ರ ಯಾರೂ ಇರುವುದಿಲ್ಲ.

ಡೀಕನ್ನರ ಸೇವೆ ಹುಟ್ಟಿದ್ದೇ ಹಂಚಿಕೆಯ ತಕರಾರಿನಿಂದ. ಬೈಬಲಿನಲ್ಲಿ ಮೊದಲ ಕ್ರೈಸ್ತರ ಕಥೆ ಹೇಳುವ ‘ಅಪೊಸ್ತಲರ ಕೃತ್ಯಗಳ’ 6ನೇ ಅಧ್ಯಾಯ ನೋಡಿ: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ಗೊಣಗುತ್ತಾರೆ. ಆಗ ಆರಿಸಿದ ಏಳು ಮಂದಿ ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ಅವರನ್ನು ಅಲ್ಲಿ ಡೀಕನ್ ಎಂದು ಕರೆದಿಲ್ಲ, ಸಂಪ್ರದಾಯ ಹಾಗೆ ಕಂಡಿದೆ. ದೂರು ಕೊಟ್ಟವರ ಕಡೆಯವರ ಕೈಗೇ ಹೊಣೆ ಕೊಟ್ಟರೆಂದು ನಾವು ಓದಿಕೊಳ್ಳುತ್ತೇವೆ. ಸಮಿತಿ ಕಟ್ಟುವಾಗ ನೆನಪಿಡಬೇಕಾದದ್ದು ಇದನ್ನೇ: ಪಡೆಯುವವರಲ್ಲಿ ಇಬ್ಬರಾದರೂ ಹಂಚುವ ಸಮಿತಿಯಲ್ಲಿ ಕೂತಿರಬೇಕು. ಒಬ್ಬರೇ ಇದ್ದರೆ ಬಾಯಿ ಬಿಡುವುದಿಲ್ಲ.

ರಾಯಭಾರಿ ಕಚೇರಿಯ ಕೆಲಸಗಳನ್ನು 1961ರ ವಿಯೆನ್ನಾ ಒಪ್ಪಂದದ 3ನೇ ವಿಧಿ ಪಟ್ಟಿಮಾಡುತ್ತದೆ. ಮೊದಲನೆಯದು ತನ್ನ ದೇಶವನ್ನು ಪ್ರತಿನಿಧಿಸುವುದು. ನಾಲ್ಕನೆಯದು, ಅಲ್ಲಿನ ಸ್ಥಿತಿಗತಿಯನ್ನು ನ್ಯಾಯಬದ್ಧ ದಾರಿಯಲ್ಲಿ ತಿಳಿದು ವರದಿ ಮಾಡುವುದು. ಸಮುದಾಯದ ಕೆಲಸದಲ್ಲಿ ಆ ನಾಲ್ಕನೆಯದು ಕೈಹಿಡಿಯುತ್ತದೆ, ಮೊದಲನೆಯದು ಕಾಲಿಗೆ ತೊಡರುತ್ತದೆ. ಇನ್ನೊಬ್ಬರ ಪರವಾಗಿ ಚೆನ್ನಾಗಿ ಮಾತಾಡಬಲ್ಲವರ ಎದುರು, ಮಾತು ಬಾರದವರು ಇನ್ನಷ್ಟು ಮೌನವಾಗುತ್ತಾರೆ. ವೀಸಾ, ಪಾಸ್‌ಪೋರ್ಟ್ ವಿಭಾಗದಲ್ಲಿ ಕೂತವರು ಈ ಕೆಲಸಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. ಅರ್ಜಿ ಹಿಡಿದು ನಿಂತವರ ಗಾಬರಿ ಅವರಿಗೆ ಗೊತ್ತಿರುತ್ತದೆ.

ಭಾಷೆಯ ವಿಷಯದಲ್ಲಿ ರಾಯಭಾರ ಕಚೇರಿಯ ಹಳೆಯ ಶಿಸ್ತನ್ನು ಸ್ವಲ್ಪವೂ ಸಡಿಲಿಸಬಾರದು. ಮನೆಯ ಮಗುವನ್ನು ದುಭಾಷಿ ಮಾಡಬೇಡಿ. ತಾಯಿ ತನ್ನ ಕಾಯಿಲೆಯನ್ನೋ ಸಾಲವನ್ನೋ ಮಗುವಿನ ಬಾಯಲ್ಲಿ ಹೇಳಿಸಲಾರಳು. ದುಭಾಷಿಯನ್ನಲ್ಲ, ಆಕೆಯನ್ನೇ ನೋಡಿ ಮಾತಾಡಿ. ಎರಡು ವಾಕ್ಯ ಹೇಳಿ ನಿಲ್ಲಿಸಿ. ಆಕೆ ಉದ್ದಕ್ಕೆ ಹೇಳಿದ್ದು ನಿಮಗೆ ಒಂದೇ ಪದವಾಗಿ ಬಂದರೆ ನಡುವೆ ಏನೋ ಸೋರಿದೆ, ಮತ್ತೆ ಕೇಳಿ. ಅರ್ಧ ಗಂಟೆಗೊಮ್ಮೆ ದುಭಾಷಿಗೆ ಬಿಡುವು ಬೇಕು. ದಣಿದವರು ತಮಗೆ ತಿಳಿಯದಂತೆಯೇ ಸಂಕ್ಷೇಪಿಸುತ್ತಾರೆ.

ಸಂಜೆ ಬಾಗಿಲು ಹಾಕಿದ ಮೇಲೆ, ಅದೇ ದಿನ, ಟಿಪ್ಪಣಿ ಬರೆಯಬೇಕು. ಪುಟಕ್ಕೆ ಮೂರು ಕಾಲಂ ಸಾಕು: ಕಂಡದ್ದು, ಕೇಳಿದ್ದು, ನಮ್ಮ ಊಹೆ. ‘ಎರಡು ವಾರದಿಂದ ಬಂದಿಲ್ಲ’ ಎಂಬುದು ಮೊದಲ ಕಾಲಂ. ‘ಅವರಿಗೆ ಈಗ ಬೇಕಾಗಿಲ್ಲವೇನೋ’ ಎಂಬುದು ಮೂರನೆಯದು. ಇವೆರಡು ಬೆರೆತರೆ ಮುಂದಿನ ವಾರ ಆ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ವಿಚಾರಿಸಿದರೆ ಕೆಲಸದ ಪಾಳಿ ಬದಲಾಗಿರುತ್ತದೆ, ಇಲ್ಲವೇ ಸಾಲಿನಲ್ಲಿ ಯಾರೋ ಒಂದು ಮಾತು ಅಂದಿರುತ್ತಾರೆ. ಕಾಯಿಲೆ, ಸಾಲ, ಮನೆಜಗಳದ ವಿಷಯ ಈ ಪುಸ್ತಕಕ್ಕೆ ಬೇಡ. ಅದು ಹತ್ತು ಕೈ ದಾಟುವ ಪುಸ್ತಕ.

ಅತಿ ಹೆಚ್ಚು ಕೆಡುವುದು ಮಾತು ಕೊಡುವಲ್ಲಿ. ‘ನೋಡೋಣ, ಪ್ರಯತ್ನಿಸೋಣ’ ಎಂಬುದು ಸಂಧಾನದ ಮೇಜಿನಲ್ಲಿ ನಯವಾದ ‘ಇಲ್ಲ’. ಕಷ್ಟದಲ್ಲಿರುವವರ ಕಿವಿಗೆ ಅದು ‘ಆಗುತ್ತದೆ’ ಎಂದೇ ಬೀಳುತ್ತದೆ, ಅವರು ಕಾಯುತ್ತಾರೆ. ಆಗದ್ದನ್ನು ಆಗುವುದಿಲ್ಲವೆಂದು ಅಲ್ಲೇ ಹೇಳಿ, ಎಲ್ಲಿ ಆಗಬಹುದೋ ಆ ಜಾಗದ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ. ಎರಡು ದಿನದೊಳಗೆ ಒಂದು ಫೋನ್ ಮಾಡಿ, ಅಲ್ಲಿ ಏನಾಯಿತೆಂದು ಕೇಳಿ.

ಕೊನೆಗೆ ಬಾರದವರ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿ, ಪ್ರತಿ ಹೆಸರಿನ ಮುಂದೆ ನಾಳೆ ಅವರ ಮನೆಗೆ ಹೋಗುವವರ ಹೆಸರು ಬರೆಯಬೇಕು. ಆ ಜಾಗ ಖಾಲಿ ಉಳಿದರೆ ಅಲ್ಲಿಗೆ ಡೀಕನ್ನರೇ ಹೋಗಬೇಕು.