ಅರವತ್ತು ತುಂಬಿದ ಸೋಮವಾರ

ನಮ್ಮ ಕಡೆ ಅರವತ್ತರ ಶಾಂತಿ ಅಂದರೆ ಹೆಚ್ಚಾಗಿ ಗಂಡಸರದ್ದೇ. ಹೋಮ, ಕಲಶ, ಮತ್ತೊಮ್ಮೆ ತಾಳಿ. ಹೆಂಡತಿ ರೇಷ್ಮೆ ಸೀರೆ ಉಟ್ಟು ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೇ ಅರವತ್ತು ತುಂಬಿದರೆ ಮನೆಯಲ್ಲೊಂದು ಪಾಯಸ. ಅದನ್ನೂ ಅವಳೇ ಮಾಡಬೇಕು! ನನಗೇನೂ ಸಿಟ್ಟಿಲ್ಲ. ನಮ್ಮ ಯಜಮಾನರ ಶಾಂತಿಯಲ್ಲಿ ಕುಡಿದ ಹೊಗೆಯೇ ಸಾಕಾಗಿತ್ತು.

ಆದರೂ ಲೆಕ್ಕ ಲೆಕ್ಕವೇ. ನಾನು ಹುಟ್ಟಿದ್ದು 1965ರಲ್ಲಿ, ವಿಶ್ವಾವಸು ಸಂವತ್ಸರ. ಅರವತ್ತು ಹೆಸರುಗಳು ಒಂದು ಸುತ್ತು ಮುಗಿಸಿ 2025ರ ಯುಗಾದಿಗೆ ಅದೇ ವಿಶ್ವಾವಸು ತಿರುಗಿ ಬಂತು. ಗುರು ಸುಮಾರು 12 ವರ್ಷಕ್ಕೊಂದು ಸುತ್ತು, ಶನಿ ಸುಮಾರು 30ಕ್ಕೊಂದು. ಇಬ್ಬರೂ ಹೆಚ್ಚೂಕಮ್ಮಿ ಹುಟ್ಟಿದಾಗ ಇದ್ದ ಜಾಗಕ್ಕೇ ಬಂದಿರುತ್ತಾರೆ. ಅವರು ಹೆಂಗಸು ಗಂಡಸು ಅಂತ ನೋಡಲ್ಲ ಅಲ್ವಾ? ನನ್ನ ನಕ್ಷತ್ರದ ದಿನ ಸೋಮವಾರವೇ ಬಿದ್ದಿತ್ತು. ನಂಜನಗೂಡಿಗೆ ಹೊರಟೆವು.

ಕಪಿಲೆಯಲ್ಲಿ ಕೈಕಾಲು ತೊಳೆದು ಒಳಗೆ ಹೋದರೆ ಸೋಮವಾರದ ಜನಜಂಗುಳಿ. ಶ್ರೀಕಂಠೇಶ್ವರನ ದರ್ಶನ ಆಗಿದ್ದು ಎರಡು ಉಸಿರಿನಷ್ಟು ಹೊತ್ತು. ಅರ್ಚನೆಗೆ ಹೆಸರು ಕೇಳಿದಾಗ ಅಭ್ಯಾಸಬಲದಿಂದ ಯಜಮಾನರ ಹೆಸರು ಬಾಯಿಗೆ ಬಂತು. ತಡೆದು, ಮೊದಲು ನನ್ನದೇ ಹೇಳಿದೆ.

ಆಮೇಲೆ ನಿಧಾನವಾಗಿ ನೋಡಿದ್ದು ಅರವತ್ಮೂರು ಪುರಾತನರ ವಿಗ್ರಹಗಳನ್ನು. ಶಿವಭಕ್ತರ ಆ ಪಟ್ಟಿಯಲ್ಲಿ ಹೆಂಗಸರು ಮೂವರೇ. ಅವರಲ್ಲಿ ನನಗೆ ಬೇಕಾದವಳು ಕಾರೈಕಾಲಮ್ಮ. ಗಂಡ ಕಳಿಸಿದ ಎರಡು ಮಾವಿನಹಣ್ಣಿನಲ್ಲಿ ಒಂದನ್ನು ಹಸಿದು ಬಂದ ಶಿವಭಕ್ತನಿಗೆ ಕೊಟ್ಟುಬಿಟ್ಟಳು. ಉಳಿದದ್ದನ್ನು ಗಂಡನಿಗೆ ಬಡಿಸಿದಳು. ಅವನು ಇನ್ನೊಂದೂ ಬೇಕು ಅಂದ. ಶಿವನನ್ನು ನೆನೆದಾಗ ಕೈಯಲ್ಲಿ ಹಣ್ಣು ಬಂತು. ನಿಜ ಗೊತ್ತಾದ ಮೇಲೆ ಗಂಡ ಹೆದರಿ ಊರು ಬಿಟ್ಟ. ಮುಂದೆ ಸಿಕ್ಕಾಗ ಹೊಸ ಹೆಂಡತಿ ಮಗುವಿನ ಸಮೇತ ಇವಳ ಕಾಲಿಗೆ ಬಿದ್ದ. ಆಗ ಅವಳು ಬೇಡಿದ್ದೇನು? ಇವನಿಗೋಸ್ಕರ ಹೊತ್ತಿದ್ದ ಈ ಮೈಮಾಂಸ ಇನ್ನು ಬೇಡ ತಗೋ ಅಂತ. ಎಲುಬಿನ ಹಂದರವಾಗಿ, ತಲೆಯ ಮೇಲೆ ನಡೆಯುತ್ತಾ ಕೈಲಾಸ ಹತ್ತಿದಳು. ಶಿವ ಅವಳನ್ನು ‘ಅಮ್ಮಾ’ ಎಂದು ಕರೆದನಂತೆ. ತಂದೆ ತಾಯಿ ಇಲ್ಲದವನು!

ನನಗೆ ಅಷ್ಟು ವೈರಾಗ್ಯ ಇಲ್ಲ. ಈ ಮೈ ಮೇಲೆ ನನಗೆ ಪ್ರೀತಿಯೇ. ಎರಡು ಹೆರಿಗೆ ತಾಳಿಕೊಂಡಿದೆ, ಅತ್ತೆಯವರನ್ನು ಕೊನೆಗಾಲದಲ್ಲಿ ಎತ್ತಿ ಕೂರಿಸಿದೆ. ಮಂಡಿ ಈಗ ಲಟಕ್ ಅಂದರೂ ಮೆಟ್ಟಿಲು ಹತ್ತಿಸುತ್ತದೆ. ಅದಕ್ಕೊಂದು ನಮಸ್ಕಾರ ಬಾಕಿ ಇತ್ತು, ಅಲ್ಲೇ ಮಾಡಿದೆ.

ಇಷ್ಟು ವರ್ಷ ನಂಜುಂಡನ ಹತ್ತಿರ ನಾನು ಮಾಡಿದ್ದೆಲ್ಲ ವ್ಯಾಪಾರ. ಮಗಳ ಬಾಣಂತನ ಸಲೀಸಾದರೆ ತುಲಾಭಾರ, ಮಗನಿಗೆ ಕೆಲಸ ಸಿಕ್ಕರೆ ಮುಡಿ. ಅವನು ಕೊಟ್ಟ, ನಾನು ತೀರಿಸಿದೆ. ಈ ಸಲ ಏನೂ ಕೇಳದೆ ಸುಮ್ನೆ ಒಂದು ಹರಕೆ ಹೊತ್ತೆ. ನಮ್ಮ ಬೀದಿ ಗುಡಿಯಲ್ಲಿ ಸೋಮವಾರ ಮಧ್ಯಾಹ್ನ ಊಟ ಹಾಕುತ್ತಾರೆ. ಕೈಲಾಗುವವರೆಗೆ ಅಲ್ಲಿ ತರಕಾರಿ ಹೆಚ್ಚಿಕೊಡುವುದು.

ಈಗಾಗಲೇ ಶುರುವಾಗಿದೆ. ಅಡುಗೆಯವರು ನನಗೆ ಬೂದುಗುಂಬಳ ಒಪ್ಪಿಸಿದ್ದಾರೆ. ಹೋಳು ದೊಡ್ಡದಾಯಿತು ಅಂತ ಮೊದಲ ದಿನವೇ ಬೈಸಿಕೊಂಡೆ.