ಹಳೇ ಪತ್ರಗಳ ಪದಕೋಶ: ಮೂರನೇ ತಿಂಗಳು

ಈ ತಿಂಗಳು ಹೊಸ ಪದಗಳು ಜಾಸ್ತಿ ಸೇರಲಿಲ್ಲ. ಒಂದೇ ಒಂದು ಅಕ್ಷರದ ಹಿಂದೆ ಹತ್ತು ದಿನ ಹೋಯಿತು. ಹೋದದ್ದಕ್ಕೆ ಬೇಜಾರಿಲ್ಲ.

ಹಿಂದಿನ ಕಂತು ಓದದವರಿಗೆ ಎರಡು ಮಾತು. ಅಜ್ಜನ ಟ್ರಂಕಿನಲ್ಲಿದ್ದ ಕ್ರಯಪತ್ರ (ಜಮೀನು ಮಾರಿದ ಪತ್ರ), ಭೋಗ್ಯಪತ್ರ (ಸಾಲಕ್ಕೆ ಜಮೀನು ಬಿಟ್ಟುಕೊಟ್ಟ ಪತ್ರ) ಇವುಗಳಲ್ಲಿ ನನಗೆ ಅರ್ಥವಾಗದ ಪದಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಕಾರ್ಡು ಬರೆಯುತ್ತಿದ್ದೇನೆ. ಪದ, ಅದು ಬಂದ ಸಾಲು, ಆಮೇಲೆ ಅರ್ಥ. ಸಾಲು ಇಲ್ಲದ ಕಾರ್ಡು ಪೆಟ್ಟಿಗೆಗೆ ಹೋಗುವುದಿಲ್ಲ.

ಆ ಅಕ್ಷರದ ವಿಷಯಕ್ಕೆ ಬರುತ್ತೇನೆ. ಕ್ರಯಪತ್ರಗಳ ಕೊನೆಯಲ್ಲಿ 'ದಾನಾದಿ ವಿನಿಮಯ ವಿಕ್ರಯಗಳಿಗೆ ಯೋಗ್ಯವಾಗಿ' ಎಂಬ ಮಾತು ಬರುತ್ತದೆ. ಮೊದಲ ತಿಂಗಳು 'ದಾನಾದಿ: ದಾನ ಮೊದಲಾದವು' ಅಂತ ಬರೆದು ಮುಗಿಸಿದ್ದೆ. ಆದರೆ ಒಂದು ಅನುಮಾನ ಉಳಿದಿತ್ತು. ಮಾರಾಟ, ವಿನಿಮಯ ಎಲ್ಲವನ್ನೂ ಬಿಡಿಸಿ ಹೇಳಿದವರು ಜಮೀನು ಒತ್ತೆ ಇಡುವ ಹಕ್ಕನ್ನು ಯಾಕೆ ಬಿಟ್ಟರು? ಊರಲ್ಲಿ ಜಮೀನಿನ ಮೇಲೆ ಸಾಲ ತೆಗೆಯುವುದೇ ಹೆಚ್ಚು, ಅಲ್ವಾ?

ಟ್ರಂಕಿನ ತಳದಲ್ಲಿದ್ದ ಪತ್ರದಲ್ಲಿ ಅದೇ ಮಾತು 'ದಾನಾಧಿ' ಎಂದಿತ್ತು. ಹೊಟ್ಟೆ ಸೀಳಿದ ಧ. ಬರೆದವರ ತಪ್ಪು ಅಂದುಕೊಂಡು ಮುಂದೆ ಹೋಗಿದ್ದೆ. ಈ ತಿಂಗಳು ವಿಜಯನಗರ ಕಾಲದ ದಾನಶಾಸನಗಳ ಪಾಠ ಓದುವಾಗ ಅಲ್ಲೂ ಆ ಸೀಳು ಕಂಡಿತು. 'ಆಧಿ' ಅಂದರೆ ಒತ್ತೆ, ಅಡಮಾನ. ಧರ್ಮಶಾಸ್ತ್ರಗಳಲ್ಲಿ ಸಾಲದ ವಿಚಾರ ಬಂದಾಗ ಬಳಸುವ ಪದ. ದಾನ, ಆಧಿ, ವಿನಿಮಯ, ವಿಕ್ರಯ: ಒಟ್ಟು ನಾಲ್ಕು ಹಕ್ಕು. 'ಧ' ಹೋಗಿ 'ದ' ಆದಾಗ ಅದರಲ್ಲಿ ಒಂದು ಹಕ್ಕಿನ ಹೆಸರೇ ಮಾಯವಾಗಿದೆ. ತಪ್ಪು ಬರೆದವನು ಅಂತ ನಾನು ತಿಳಿದಿದ್ದ ಆ ಬರಹಗಾರನೇ ಸರಿ. ಹಳೆ ಕಾರ್ಡನ್ನು ಹರಿಯಲಿಲ್ಲ, ಹೊಸದನ್ನು ಅದರ ಮುಂದೆ ಇಟ್ಟಿದ್ದೇನೆ.

ಅದೇ ಶಾಸನಗಳಿಂದ 'ಅಷ್ಟಭೋಗ'ದ, ಅಂದರೆ ಜಮೀನಿನ ಜೊತೆ ಬರುವ ಎಂಟು ಹಕ್ಕುಗಳ, ಎಂಟು ಕಾರ್ಡುಗಳೂ ತುಂಬಿದವು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವನ್ನು ಮಂತ್ರದ ಹಾಗೆ ಓದಿಬಿಡುತ್ತೇವೆ. ನಿಂತು ನೋಡಿದರೆ ಒಂದೊಂದೂ ಲೆಕ್ಕವಿಟ್ಟು ಹೇಳಿದ ಮಾತು. ನಿಧಿ ನಿಕ್ಷೇಪ ನೆಲದಡಿ ಹೂತ ಸಂಪತ್ತು. ಪಾಷಾಣ ಕಲ್ಲು. ಅಕ್ಷೀಣಿ ಅಂದರೆ ಕುಂದದೆ ಬರುವ ಆದಾಯ. ಸಿದ್ಧ ಅಂದರೆ ಈಗಾಗಲೇ ಕೈಗೆ ಬರುತ್ತಿರುವ ಆದಾಯ, ಸಾಧ್ಯ ಅಂದರೆ ಇನ್ನು ದುಡಿದು ಪಡೆಯಬಹುದಾದದ್ದು, ಆಗಾಮಿ ಮುಂದೆ ಬರಲಿರುವುದು. ಇವತ್ತಿನ ಆದಾಯ ಒಬ್ಬನಿಗೆ, ನಾಳೆಯದು ಇನ್ನೊಬ್ಬನಿಗೆ ಅಂತ ಜಗಳ ಬರಬಾರದು ಅಂತ ಇಷ್ಟು ಬಿಡಿಸಿದ್ದಾರೆ. ಒಂದು ವಿಷಯ ಮಾತ್ರ ಕಾರ್ಡಿನ ಹಿಂದೆ ಬರೆದಿದ್ದೇನೆ: ಪತ್ರದಲ್ಲಿ ನಿಧಿಯ ಹೆಸರಿದ್ದರೂ, 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕಿದವರು ಕಲೆಕ್ಟರಿಗೆ ತಿಳಿಸಲೇಬೇಕಿತ್ತು.

ಸ್ನೇಹಿತರೊಬ್ಬರು ದಕ್ಷಿಣ ಕನ್ನಡದ ನಾಲ್ಕು ಪತ್ರ ಕೊಟ್ಟರು. ಅಲ್ಲಿ ಮೂಲಗೇಣಿ, ಚಾಲಗೇಣಿ. ಮೂಲಗೇಣಿ ಶಾಶ್ವತ, ವಂಶಕ್ಕೆ ಇಳಿಯುತ್ತದೆ, ಗೇಣಿ ಏರುವುದಿಲ್ಲ. ಚಾಲಗೇಣಿಗೆ ಆ ಭದ್ರತೆ ಇಲ್ಲ. ಮೂಲಗೇಣಿಯನ್ನು ಹಳೇ ಪದ ಅನ್ನುವ ಹಾಗೂ ಇಲ್ಲ. 2011ರ ಒಂದು ರಾಜ್ಯ ಕಾಯ್ದೆಯ ಹೆಸರಿನಲ್ಲೇ ಅದು ಇದೆ. ಆ ಪತ್ರಗಳ ತಾರೀಕು ಫಸಲಿಯಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ, ಇದ್ದವು. ಫಸಲಿಗೆ 590 ಕೂಡಿಸಿದರೆ ಇಸವಿ, ವರ್ಷ ಶುರುವಾಗುವುದು ಜುಲೈ 1ಕ್ಕೆ. ಫಸಲಿ 1340 ಅಂದರೆ 1930ರ ಜುಲೈಯಿಂದ 1931ರ ಜೂನ್‌ವರೆಗೆ.

ಉಳಿದವು ಸಣ್ಣವು. ಬಿನ್, ಇಂಥವರ ಮಗ. ಕೋಂ, ಇಂಥವರ ಹೆಂಡತಿ. ಬಗರ್ ಹುಕುಂ, ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ.

ಈಗ ಮೇಜಿನ ಮೇಲಿರುವುದು ಒಂದು ಭೋಗ್ಯಪತ್ರ. ಬಡ್ಡಿಯ ಬದಲಿಗೆ ಬೆಳೆ ಉಣ್ಣುವ ಕರಾರು. ಎಷ್ಟು ವರ್ಷ ಅನ್ನುವ ಜಾಗದಲ್ಲೇ ಮಡಿಕೆ ಬಿದ್ದು ಶಾಯಿ ಉದುರಿದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ನಿಬ್ಬು ಒತ್ತಿದ ಗೀರು ಕಾಣುತ್ತದೆ. ಒಂದು ಒತ್ತಕ್ಷರ ಓದಲಾಯಿತು, ಇನ್ನೂ ಎರಡು ಅಕ್ಷರ ಬಾಕಿ.