ಹತ್ತು ವರ್ಷದ ಬಿಡುವು, ರೆಸ್ಯೂಮ್‌ನಲ್ಲಿ ಎರಡು ಸಾಲು

ನಮ್ಮ ಬೀರುವಿನ ಮೇಲಿನ ಅರೆಯಲ್ಲಿ ಒಂದು ನೀಲಿ ಫೈಲಿದೆ. ಮಕ್ಕಳ ಲಸಿಕೆ ಕಾರ್ಡು, ಎಲ್‌ಐಸಿ ಬಾಂಡು, ನನ್ನ ಮಾರ್ಕ್ಸ್ ಕಾರ್ಡು ಎಲ್ಲ ಅದರಲ್ಲೇ. 2023ರ ಬೇಸಿಗೆ ರಜೆಯಲ್ಲಿ ಚಿಕ್ಕವಳ ಜನನ ಪ್ರಮಾಣಪತ್ರ ಹುಡುಕುತ್ತಾ ಇದ್ದಾಗ ತಳದಲ್ಲಿ ನನ್ನ ಹಳೇ ರೆಸ್ಯೂಮ್ ಸಿಕ್ಕಿತು. ಎರಡು ಹಾಳೆ. ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಅಂಟಿತ್ತು. ಅಲ್ಲೇ ನೆಲದ ಮೇಲೆ ಕೂತು ಓದಿದೆ.

ಬಿ.ಕಾಂ. ಆದಮೇಲೆ ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ, ಆಮೇಲೆ ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿ ಐದು ವರ್ಷ. ಗೊತ್ತಿರುವ ಕೆಲಸ ಅಂತ ಆಗಿನ ತೆರಿಗೆಗಳ ಫಾರಂ, ರಿಟರ್ನು, ಲೆಕ್ಕದ ಸಾಫ್ಟ್‌ವೇರ್ ಎಲ್ಲ ಬರೆದಿದ್ದೆ: ವ್ಯಾಟ್ 100, ಸಿ ಫಾರಂ, ಇ-ಸುಗಮ್, ಎಕ್ಸೈಸ್ ಇಆರ್-1, ಸರ್ವಿಸ್ ಟ್ಯಾಕ್ಸ್ ಎಸ್‌ಟಿ-3, ಟ್ಯಾಲಿ ಇಆರ್‌ಪಿ 9. ಆಗ ಇಷ್ಟು ಗೊತ್ತಿದ್ದವರಿಗೆ ಕೆಲಸಕ್ಕೇನೂ ಬರ ಇರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು ನೋಡಿ. ವ್ಯಾಟು, ಎಕ್ಸೈಸು, ಸರ್ವಿಸ್ ಟ್ಯಾಕ್ಸು ಬಹುಪಾಲು ಅದರೊಳಗೆ ಕರಗಿಹೋದವು. ಸರಕು ಸಾಗಿಸೋಕೆ ಬೇಕಿದ್ದ ಇ-ಸುಗಮ್ ಹೋಗಿ ಇ-ವೇ ಬಿಲ್ ಬಂತು. 2020ರಲ್ಲಿ ಟ್ಯಾಲಿಯೂ ಟ್ಯಾಲಿಪ್ರೈಮ್ ಆಯಿತು. ಅಂದ್ರೆ ನನ್ನ ಕೈಲಿದ್ದ ಆ ಹಾಳೆಯಲ್ಲಿ ಇವತ್ತಿಗೂ ಹಾಗೇ ಉಳಿದಿದ್ದು ನನ್ನ ಹೆಸರು, ಡಿಗ್ರಿ, ಜೊತೆಗೆ ಡೆಬಿಟ್ಟು ಕ್ರೆಡಿಟ್ಟು ಅಷ್ಟೇ. ತುಂಬಾ ಹೊತ್ತು ಎದ್ದೇಳೋಕೆ ಮನಸ್ಸಾಗಲಿಲ್ಲ.

ನಾನು ಕೆಲಸ ಬಿಟ್ಟಿದ್ದು 2013ರಲ್ಲಿ, ದೊಡ್ಡವನು ಹುಟ್ಟಿದಾಗ. ಆಗ ಹೆರಿಗೆ ರಜೆ 12 ವಾರ. ಅದು 26 ವಾರ ಆಗಿದ್ದು, 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ ಕಾನೂನಾಗಿದ್ದು 2017ರಲ್ಲಿ. ಮೂರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಹೋಗಲಿ? ಅಮ್ಮನಿಗೆ ಮಂಡಿನೋವು, ಅತ್ತೆ ಊರಲ್ಲಿ. ಒಂದು ವರ್ಷ ನೋಡೋಣ ಅಂತ ಬಿಟ್ಟೆ. 2016ರಲ್ಲಿ ಚಿಕ್ಕವಳು ಬಂದಳು. ವರ್ಷ ಹತ್ತಾಯಿತು. ಮಕ್ಕಳ ಜೊತೆ ಇದ್ದಿದ್ದಕ್ಕೆ ನನಗೆ ಯಾವ ಬೇಸರವೂ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಹೊಸ ರೆಸ್ಯೂಮ್ ಮಾಡಲು ಕೂತಾಗ ಮೊದಲು ಮಾಡಿದ್ದೆಲ್ಲ ತಪ್ಪೇ. ಇಂಟರ್ನೆಟ್‌ನಲ್ಲಿ ಚೆಂದದ ಮಾದರಿಯೊಂದು ಸಿಕ್ಕಿತು, ಎರಡು ಕಾಲಂ, ಎಡಗಡೆ ಫೋಟೋ, ಟ್ಯಾಲಿ ಎಷ್ಟು ಗೊತ್ತು ಅಂತ ತೋರಿಸೋಕೆ ಐದು ಚುಕ್ಕಿ. ಕೆಲಸ ಮಾಡಿದ ವರ್ಷಗಳನ್ನು ಬರೆಯಲೇ ಇಲ್ಲ, ಬರೀ ‘7 ವರ್ಷ ಅನುಭವ’ ಅಂತ ಹಾಕಿದೆ. ಗ್ಯಾಪ್ ಮುಚ್ಚಬೇಕು ಅಂದ್ರೆ ಹೀಗೆ ಮಾಡಿ ಅಂತ ಎಲ್ಲೋ ಓದಿದ್ದೆ. ‘ಮನೆಯ ನಿರ್ವಹಣೆ, ಸಮಯ ಪಾಲನೆ, ಬಜೆಟ್’ ಅಂತ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಮಾತು ಬೇರೆ ಸೇರಿಸಿದೆ. ಇಪ್ಪತ್ತಕ್ಕೂ ಜಾಸ್ತಿ ಕಡೆ ಕಳಿಸಿದೆ. ಎರಡು ಕಡೆಯಿಂದ ಫೋನ್ ಬಂತು.

ಅದರಲ್ಲಿ ಒಂದು ಕಡೆ ಎದುರಿಗೆ ಕೂತವರು ಹಾಳೆ ಹಿಂದೆ ಮುಂದೆ ತಿರುಗಿಸಿ, “ಇದರಲ್ಲಿ ಇಸವಿನೇ ಇಲ್ವಲ್ಲ ಮೇಡಂ, ಲಾಸ್ಟ್ ಕೆಲಸ ಯಾವಾಗ ಬಿಟ್ಟಿದ್ದು?” ಅಂದರು. 2013 ಅಂದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದ್ದೆಲ್ಲ ಮಕ್ಕಳ ಬಗ್ಗೆಯೇ, ಜ್ವರ ಬಂದರೆ ಯಾರು ನೋಡ್ತಾರೆ, ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ ಅಂತ. ಆ ಪ್ರಶ್ನೆಗಳು ಸರಿಯಲ್ಲ. ಗಂಡಸರಿಗೆ ಯಾರೂ ಕೇಳಲ್ಲ. ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನನ್ನು ಜಾಸ್ತಿ ಕೊರೆದಿದ್ದು ಬೇರೆ. ಮಕ್ಕಳನ್ನು ಸಾಕಿದ್ದನ್ನು ನಾನೇ ಬಚ್ಚಿಟ್ಟಿದ್ದೆ, ಅದಕ್ಕೇ ಅವರು ಕೇಳಿದಾಗ ಕಳ್ಳತನ ಸಿಕ್ಕಿಬಿದ್ದ ಹಾಗೆ ಆಯಿತು.

ಫ್ಯಾಕ್ಟರಿಯಲ್ಲಿ ನನ್ನ ಜೂನಿಯರ್ ಆಗಿ ಸೇರಿದ್ದ ಹುಡುಗಿಯೊಬ್ಬಳು ಈಗ ಒಂದು ಕಂಪನಿಯ ಅಕೌಂಟ್ಸ್ ಮ್ಯಾನೇಜರ್. ಕೆಲಸಕ್ಕೆ ಬರುವವರ ರೆಸ್ಯೂಮ್ ಅವಳೇ ನೋಡೋದು. ಅವಳಿಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆಗೆ ಫೋನ್ ಮಾಡಿದಳು.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ಇದನ್ನ ನೋಡಿದ್ರೆ ನಾನೂ ಪಕ್ಕಕ್ಕೆ ಇಡ್ತಿದ್ದೆ. ನಿಮಗೆ ಜಿಎಸ್‌ಟಿ ಬರುತ್ತಾ ಇಲ್ವಾ ಅನ್ನೋದೇ ಇದರಲ್ಲಿಲ್ಲ.”

“ಬರುತ್ತೆ. ತಮ್ಮನ ಅಂಗಡಿದು ನಾನೇ ತಾನೇ ನೋಡ್ಕೊಳ್ಳೋದು.”

“ಯಾವಾಗಿಂದ?”

“2018ರಿಂದ.”

ಆಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. “ಐದು ವರ್ಷದ ಕೆಲಸ ಅಲ್ವಾ ಅಕ್ಕ ಅದು? ಯಾಕೆ ಹಾಕಿಲ್ಲ?”

ಯಾಕೆ ಹಾಕಿಲ್ಲ ಅಂದ್ರೆ, ಅದು ಕೆಲಸ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ನಂಜನಗೂಡಿನಲ್ಲಿ ತಮ್ಮನದು ಹಾರ್ಡ್‌ವೇರ್ ಅಂಗಡಿ. ಜಿಎಸ್‌ಟಿ ಬಂದಾಗ ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಬಿಲ್ಲುಗಳ ಫೋಟೋ ಕಳಿಸ್ತಿದ್ದ, ಮಕ್ಕಳು ಮಲಗಿದ ಮೇಲೆ ನಾನು ಟ್ಯಾಲಿಗೆ ಹಾಕ್ತಿದ್ದೆ. ಸಿಮೆಂಟಿಗೆ ಆಗ ತೆರಿಗೆ ಶೇಕಡ 28, ಕಬ್ಬಿಣಕ್ಕೆ 18. ಬಣ್ಣಕ್ಕೂ 28 ಇತ್ತು, 2018ರ ಜುಲೈ ಕೊನೆಗೆ 18ಕ್ಕೆ ಇಳಿಯಿತು. ಆ ರಾತ್ರಿ ಕೂತು ಡಬ್ಬಿ ಡಬ್ಬಿ ಲೆಕ್ಕದ ರೇಟು ತಿದ್ದಿದ್ದು ಇನ್ನೂ ನೆನಪಿದೆ. ತಿಂಗಳ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. 2020ರಿಂದ ನಡುವೆ 14ಕ್ಕೆ ಪೋರ್ಟಲ್‌ನಲ್ಲಿ 2ಬಿ, ಅಂದ್ರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತೆ, ಅದನ್ನು ಖರೀದಿ ಬಿಲ್ಲುಗಳ ಜೊತೆ ಇಟ್ಟು ನೋಡಬೇಕು, ಮಾಲು ಕೊಟ್ಟವರು ನಮ್ಮ ಬಿಲ್ ಹಾಕಿಲ್ಲ ಅಂದ್ರೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ, ಸಿಗಲ್ಲ, ಹಾಗಾಗಿ ಅವರಿಗೆ ಫೋನ್ ಮಾಡಿ ಮಾಡಿ ಹಾಕಿಸಬೇಕು. ಹೀಗೆ ಐದು ವರ್ಷ ಲೆಕ್ಕ ನೋಡಿದ್ದೆ. ಸಂಬಳ ಇಲ್ಲ ಅನ್ನೋದೊಂದು ಬಿಟ್ಟರೆ ಆಫೀಸಿನಲ್ಲಿ ಮಾಡೋದೂ ಇದೇ. ಮನೆ ವಿಷಯ ಅಂತ ನಾವು ಸುಮ್ನೆ ಪಕ್ಕಕ್ಕಿಡುವ ಎಷ್ಟೋ ಕೆಲಸ ಹೀಗೇ ಅಲ್ವಾ? ಅಪಾರ್ಟ್‌ಮೆಂಟ್ ಸಂಘದ ಲೆಕ್ಕ, ಸ್ತ್ರೀಶಕ್ತಿ ಸಂಘದ ಪುಸ್ತಕ, ಗಂಡನ ಕ್ಲಿನಿಕ್ಕಿನ ಬಿಲ್ಲು. ಮಾಡಿದ್ದು ನಿಜ ಆದರೆ, ಕೇಳಿದಾಗ ತೋರಿಸೋಕೆ ಆಗುತ್ತೆ ಅಂದ್ರೆ, ಅದು ರೆಸ್ಯೂಮ್‌ಗೆ ಬರಲೇಬೇಕು. ತಮ್ಮನ ಅಂಗಡಿ ಅಂತ ಮುಚ್ಚಿಡೋದೂ ಬೇಡ. ‘ಕುಟುಂಬದ ವ್ಯಾಪಾರ’ ಅಂತಲೇ ಬರೆದೆ.

ಆ ರಾತ್ರಿ ಎಲ್ಲ ಅಳಿಸಿ ಮೊದಲಿಂದ ಬರೆದೆ. ಫೋಟೋ ತೆಗೆದೆ. ಅಪ್ಪನ ಹೆಸರು, ಮದುವೆ ಆಗಿದೆಯಾ, ಧರ್ಮ, ಕೊನೆಗೆ ‘ಮೇಲಿನದೆಲ್ಲ ಸತ್ಯ ಎಂದು ಘೋಷಿಸುತ್ತೇನೆ’ ಅನ್ನೋ ಸಾಲು, ಎಲ್ಲ ತೆಗೆದೆ. ನಮ್ಮ ಕಾಲದ ಬಯೋಡೇಟಾದಲ್ಲಿ ಇವೆಲ್ಲ ಇರಲೇಬೇಕಿತ್ತು, ಈಗ ಯಾರಿಗೂ ಬೇಡ. ಎರಡು ಕಾಲಂ ಹೋಗಿ ಒಂದೇ ಕಾಲಂ ಆಯಿತು. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಮೊದಲು ಹೋಗೋದು ಸಾಫ್ಟ್‌ವೇರ್ ಕೈಗೆ, ಕಾಲಂ, ಬಾಕ್ಸು, ಚಿತ್ರ ಇದ್ದರೆ ಅದು ಎಷ್ಟೋ ಸಲ ಸಾಲುಗಳನ್ನೆಲ್ಲ ಕಲಸಿ ಓದಿಬಿಡುತ್ತೆ ಅಂತ ಅವಳೇ ಹೇಳಿದ್ದು. ಟ್ಯಾಲಿಗೆ ಐದು ಚುಕ್ಕಿ ಹಾಕೋ ಬದಲು ಟ್ಯಾಲಿಪ್ರೈಮ್‌ನಲ್ಲಿ ಏನೇನು ಮಾಡಿದ್ದೀನಿ ಅಂತ ಬರೆದೆ.

ಎಲ್ಲಕ್ಕಿಂತ ಮೇಲೆ ಈಗ ಏನು ಬರುತ್ತೆ ಅನ್ನೋದು. ಅದರ ಕೆಳಗೆ ಇಸವಿ ಸಮೇತ ಕೆಲಸಗಳು, ಹೊಸದು ಮೊದಲು. ಬಿಡುವಿನ ಬಗ್ಗೆ ಎರಡೇ ಸಾಲು. ‘2013ರಿಂದ 2023: ಮಕ್ಕಳ ಪಾಲನೆಗಾಗಿ ಪೂರ್ಣಾವಧಿ ಕೆಲಸದಿಂದ ಬಿಡುವು. 2018ರಿಂದ ಕುಟುಂಬದ ಹಾರ್ಡ್‌ವೇರ್ ವ್ಯಾಪಾರದ ಲೆಕ್ಕಪತ್ರ, ಮಾಸಿಕ ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, 2020ರಿಂದ 2ಬಿ ತಾಳೆ.’ ಮಕ್ಕಳೆಷ್ಟು, ವಯಸ್ಸೆಷ್ಟು, ಯಾರು ನೋಡ್ತಾರೆ, ಒಂದೂ ಬರೆಯಲಿಲ್ಲ. ಕ್ಷಮೆ ಕೇಳೋ ಧಾಟಿಯೂ ಬೇಡ, ‘ಮನೆಯ ಸಿಇಒ’ ಅನ್ನೋ ಬಿರುದೂ ಬೇಡ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಕ್ಕಳನ್ನು ಸಾಕೋದು ದೊಡ್ಡ ಕೆಲಸ, ಅದಕ್ಕೆ ಕಂಪನಿ ಹುದ್ದೆಯ ಹೆಸರು ಕೊಟ್ಟು ದೊಡ್ಡದು ಮಾಡಬೇಕಾಗಿಲ್ಲ. ಮಕ್ಕಳನ್ನು ನೋಡಿಕೊಂಡೆ ಅಂತ ನೇರವಾಗಿ ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಬಿಡುವನ್ನೇ ಒಂದು ಅನುಭವದ ಹಾಗೆ ಸೇರಿಸೋಕೆ ಜಾಗ ಕೊಟ್ಟಿದ್ದಾರೆ, ಅಲ್ಲೂ ಇದೇ ಎರಡು ಸಾಲು ಹಾಕಿದೆ.

ಬಿಡುವು ತೆಗೆದುಕೊಂಡ ಹೆಂಗಸರಿಗೆ ಅಂತಲೇ ಕೆಲವು ದೊಡ್ಡ ಕಂಪನಿಗಳಲ್ಲಿ ಯೋಜನೆಗಳಿವೆ. ಟಾಟಾದವರು 2008ರಲ್ಲೇ ಶುರು ಮಾಡಿದ್ದರು. ಬೆಂಗಳೂರಿನಲ್ಲಿ ಇರುವವರು, ಎಂಬಿಎ, ಇಂಜಿನಿಯರಿಂಗ್ ಓದಿದವರು ಖಂಡಿತ ಹುಡುಕಿ ನೋಡಿ. ನನ್ನ ಥರ ಬಿ.ಕಾಂ. ಮಾಡಿ ಚಿಕ್ಕ ಊರಿನಲ್ಲೋ ಮಧ್ಯಮ ಊರಿನಲ್ಲೋ ಇರುವವರಿಗೆ ಸಿಗೋದು ಆಡಿಟರ್ ಆಫೀಸು, ಡೀಲರ್‌ಶಿಪ್ಪು, ಆಸ್ಪತ್ರೆ, ಸಣ್ಣ ಫ್ಯಾಕ್ಟರಿ. ಅಲ್ಲಿ ಒಂದು ಪುಟ ಸಾಕು.

ಇನ್ನೊಂದು ಮಾತು, ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹಳೇ ಕೆಲಸಕ್ಕೆ ಪುರಾವೆ ಕೇಳ್ತಾರೆ. ನನ್ನ ಹತ್ತಿರ ಕೆಲಸ ಬಿಟ್ಟಾಗ ಕೊಡುವ ರಿಲೀವಿಂಗ್ ಲೆಟರ್ ಇರಲಿಲ್ಲ, ಹೆರಿಗೆ ಗಡಿಬಿಡಿಯಲ್ಲಿ ಇಸಿದುಕೊಂಡೇ ಇರಲಿಲ್ಲ, ಈಗ ಆ ಫ್ಯಾಕ್ಟರಿಯೇ ಇಲ್ಲ. ಅದೇ ನೀಲಿ ಫೈಲಿನಲ್ಲಿ ಸಂಬಳದಲ್ಲಿ ಹಿಡಿದ ತೆರಿಗೆಗೆ ಕೊಡುವ ಹಳೇ ಫಾರಂ 16 ಮತ್ತು ಎರಡು ಸಂಬಳದ ಚೀಟಿ ಇದ್ದವು, ಅವೇ ಕಾಪಾಡಿದವು. ರೆಸ್ಯೂಮ್ ಬರೆಯೋಕೆ ಕೂರುವ ಮೊದಲು ನಿಮ್ಮ ಫೈಲನ್ನೂ ಒಂದು ಸಲ ಕೊಡವಿ ನೋಡಿ.

ಹೊಸ ರೆಸ್ಯೂಮ್ ಒಂಬತ್ತು ಕಡೆ ಕಳಿಸಿದೆ. ನಾಲ್ಕು ಕಡೆ ಕರೆದರು. ಮೂರನೆಯ ಕಡೆ ಇದ್ದವರು ಹಿರಿಯರು, ಆ ಎರಡು ಸಾಲನ್ನು ಬೆರಳಿಟ್ಟು ಓದಿ, “2ಬಿಯಲ್ಲಿ ಬಿಲ್ ಬಂದಿಲ್ಲ ಅಂದ್ರೆ ಏನಮ್ಮ ಮಾಡ್ತಿದ್ರಿ?” ಅಂತ ಕೇಳಿದರು. ಹತ್ತು ನಿಮಿಷ ಅದೇ ಮಾತು. ಯಾವ ಡೀಲರ್ ಸತಾಯಿಸಿದ, ಹೇಗೆ ಹಾಕಿಸಿದೆ, ಎಲ್ಲ ಹೇಳಿದೆ. ಮಕ್ಕಳ ವಿಷಯ ಬರಲೇ ಇಲ್ಲ. ಈಗ ಅಲ್ಲೇ ಕೆಲಸ ಮಾಡ್ತಿದ್ದೀನಿ. ಸಂಬಳ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಶುರುವಾಯಿತು, ವರ್ಷ ಆದಮೇಲೆ ಕೇಳಿ ಏರಿಸಿಕೊಂಡೆ.

ಹೋದ ಭಾನುವಾರ ನಾದಿನಿ ಬಂದಿದ್ದಳು. ಬಿ.ಎಡ್. ಮಾಡಿ ಮೂರು ವರ್ಷ ಪಾಠ ಹೇಳಿದವಳು, ಏಳು ವರ್ಷದಿಂದ ಮನೆಯಲ್ಲಿದ್ದಾಳೆ. “ಅತ್ತಿಗೆ, ನನ್ನದೂ ಒಂಚೂರು ನೋಡಿ ಕೊಡಿ, ಬರೆಯೋಕೆ ಏನೂ ಇಲ್ಲ” ಅಂತ ಮೊಬೈಲ್ ಕೈಗಿಟ್ಟಳು. ಸಂಜೆ ಹೊತ್ತು ಅವಳ ಮನೆ ಜಗಲಿಯಲ್ಲಿ ಚಪ್ಪಲಿ ಸಾಲಾಗಿ ಬಿದ್ದಿರೋದನ್ನು ನಾನೇ ಎಷ್ಟೋ ಸಲ ನೋಡಿದ್ದೀನಿ.

“ಟ್ಯೂಷನ್‌ಗೆ ಎಷ್ಟು ಮಕ್ಕಳು ಬರ್ತಾರೆ?”

“ಹನ್ನೊಂದು. ಯಾಕತ್ತಿಗೆ?”

“ಯಾವ ಕ್ಲಾಸು? ಯಾವಾಗಿಂದ?” ಅಂತ ಕೇಳುತ್ತಾ ಪೆನ್ನು ತಗೊಂಡೆ.